ಮನೋವ್ಯಾಧಿಗ್ರಸ್ತ ಮಕ್ಕಳೂ ತಾಯಿತಂದೆಗಳ ಅಲೆದಾಟವೂ

ಶರೀರದ ವ್ಯಾಧಿಗೂ ಮನಸ್ಸಿನ ವ್ಯಾಧಿಗೂ ನಮ್ಮ ಸಮಾಜದಲ್ಲಿ ಒಂದು ದೊಡ್ಡ ಪಂಕ್ತಿಭೇದವುಂಟು. ಮಗುವಿಗೆ ಜ್ವರ ಬಂದರೆ ಓಣಿಯವರೆಲ್ಲ ಬಂದು ವಿಚಾರಿಸುವರು. ಕೈ ಮುರಿದರೆ ನೆರೆಯವರೇ ಗಾಡಿ ಮಾಡಿಕೊಟ್ಟು ಆಸ್ಪತ್ರೆಗೆ ಕಳಿಸುವರು. ಅದೇ ಮಗು ಊಟ ನಿದ್ರೆಗಳನ್ನು ಬಿಟ್ಟು, ಮೂಲೆ ಸೇರಿ, ತನ್ನಷ್ಟಕ್ಕೆ ತಾನೇ ಮಾತಾಡಹತ್ತಿತೆಂದರೆ, ಮೊದಲು ಬಾಗಿಲು ಮುಚ್ಚಿಕೊಳ್ಳುವವರು ಆ ಮನೆಯವರೇ. ಹಿರಿಯ ಮಗಳ ಲಗ್ನ ನಿಂತೀತೆಂದು ತಾಯಿಗೆ ಭಯ. ಬೀಗರ ಕಿವಿಗೆ ಬಿದ್ದೀತೆಂದು ತಂದೆಗೆ ಭಯ. ಹೀಗೆ ಮುಚ್ಚಿದ ಬಾಗಿಲಿನ ಹಿಂದೆ ತಿಂಗಳುಗಳು ಕಳೆದುಹೋಗುತ್ತವೆ. ಬಾಗಿಲು ತೆರೆದು ಹೊರಬಿದ್ದ ಮೇಲಾದರೂ ಹೋಗಬೇಕಾದ ದಾರಿ ಸಮೀಪದಲ್ಲಿರುವದಿಲ್ಲ. ಈ ದಾರಿಯ ವಿಷಯವಾಗಿಯೇ ಗೃಹಸ್ಥರಾದ ವಾಚಕರಲ್ಲಿ ನಾವು ನಾಲ್ಕು ಮಾತುಗಳನ್ನು ವಿಜ್ಞಾಪಿಸಬೇಕೆಂದಿದ್ದೇವೆ.

ರೋಣ–ಗಜೇಂದ್ರಗಡ ಭಾಗದ ನಮ್ಮ ಮುಶಿಗೇರಿಯು ಎರೆಭೂಮಿಯ ಊರು. ಜೋಳ, ಕಡಲೆ, ಉಳ್ಳಾಗಡ್ಡಿಗಳನ್ನು ನಂಬಿ ಬದುಕುವ ಒಕ್ಕಲುತನದ ಜನ ಇಲ್ಲಿಯವರು. ಇಲ್ಲಿಂದ ಜಿಲ್ಲಾಸ್ಥಾನವಾದ ಗದಗವನ್ನು ಮುಟ್ಟುವದಕ್ಕೇ ಅರ್ಧ ದಿನ ಬೇಕು. ಗದಗಿನಿಂದ ಧಾರವಾಡಕ್ಕೆ ಮತ್ತೆ ಸುಮಾರು 80 ಕಿಲೋಮೀಟರು. ದೊಡ್ಡ ಪಟ್ಟಣದಲ್ಲಿರುವ ವಾಚಕರಿಗೆ ಈ ಅಂತರವು ಅಲ್ಪವೆಂದು ತೋರಬಹುದು. ದಿನಗೂಲಿಯ ಮೇಲೆ ಜೀವಿಸುವವನಿಗೆ, ಅದರಲ್ಲಿಯೂ ಒಂದು ಕಡೆಗೆ ನಿಲ್ಲದ, ಬಸ್ಸಿನಲ್ಲಿ ಚೀರುವ ಮಗುವನ್ನು ಕರೆದುಕೊಂಡು ಹೋಗುವವನಿಗೆ, ಅದು ಕಾಶೀಯಾತ್ರೆಗೆ ಸಮನಾದದ್ದು.

ಮನೋವ್ಯಾಧಿಯೆಂಬುದು ಈ ಕಾಲದವರು ಹೊಸದಾಗಿ ಹುಟ್ಟಿಸಿದ ಮಾತೆಂದು ಕೆಲವು ಹಿರಿಯರು ತಿಳಿದಿರುತ್ತಾರೆ. ಹಾಗಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದಕ್ಕೆಂದೇ ಒಂದು ಅಧ್ಯಾಯವುಂಟು, ಚಿಕಿತ್ಸಾಸ್ಥಾನದಲ್ಲಿ ಮತ್ತೊಂದುಂಟು. ಮನಸ್ಸು, ಬುದ್ಧಿ, ಸಂಜ್ಞೆ, ಜ್ಞಾನ, ಸ್ಮೃತಿ, ಅಭಿರುಚಿ, ಶೀಲ, ಚೇಷ್ಟೆ, ಆಚಾರ ಇವುಗಳಲ್ಲಿ ಉಂಟಾಗುವ ವಿಭ್ರಮವೇ ಉನ್ಮಾದವೆಂದು ಆ ಗ್ರಂಥಕಾರನು ಲಕ್ಷಣವನ್ನು ಕಟ್ಟಿದ್ದಾನೆ. ಆಗಂತುವಾದ ಉನ್ಮಾದಗಳ ವಿಷಯವನ್ನೂ ಅವನು ಬಲ್ಲನು. ಆದರೂ, ಪ್ರಾಜ್ಞನಾದವನು ವ್ಯಾಧಿಗಾಗಿ ದೇವತೆಗಳನ್ನಾಗಲಿ ಪಿತೃಗಳನ್ನಾಗಲಿ ರಾಕ್ಷಸರನ್ನಾಗಲಿ ದೂಷಿಸಲಾಗದೆಂದು ಅದೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅಷ್ಟು ಹಿಂದೆಯೇ ವೈದ್ಯನ ಎದುರು ತರಬೇಕಾದ ರೋಗವೆಂದು ಎಣಿಸಲ್ಪಟ್ಟದ್ದನ್ನು ನಾವು ಇಂದಿಗೂ ಕೇವಲ ಗಾಳಿ ಸೋಕಿದ್ದೆಂದು ಬಗೆಯುವದು ಪೂರ್ವಿಕರಿಗೆ ಸಲ್ಲಿಸುವ ಗೌರವವಾಗಲಾರದು.

ಇನ್ನು ಇದು ಎಲ್ಲಿಯೋ ಒಂದು ಮನೆಯ ದುರ್ದೈವವೆಂದು ಸುಮ್ಮನಿರುವಂತೆಯೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 7.3ರಷ್ಟು ಜನರಿಗೆ ಒಂದಿಲ್ಲೊಂದು ಮನೋವ್ಯಾಧಿಯು ಕಂಡುಬಂದಿತು. ಶಾಲೆಯ ಲೆಕ್ಕದಲ್ಲಿ ಹೇಳಬೇಕಾದರೆ, ನಾಲ್ವತ್ತು ಹುಡುಗರಿರುವ ಒಂದು ವರ್ಗದಲ್ಲಿ ಸರಾಸರಿ ಮೂವರು. ಇಂಥ ವ್ಯಾಧಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು 14 ವರ್ಷದ ಒಳಗೂ, ಅರ್ಧದಷ್ಟು 18 ವರ್ಷದ ಒಳಗೂ ತಲೆದೋರುತ್ತವೆಂದು ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಲೆಕ್ಕವು ಹೇಳುತ್ತದೆ. ಆದಕಾರಣ ಬೇನೆಯು ಹುಟ್ಟುವದು ತಾಯಿತಂದೆಗಳ ಕಣ್ಣ ಮುಂದೆಯೇ, ಶಾಲೆಯ ಹಲಗೆಯ ಎದುರಿಗೇ.

ಆದರೂ ಅದು ನಮ್ಮ ಕಣ್ಣಿಗೆ ಬೀಳುವದಿಲ್ಲ. ಯಾಕೆಂದರೆ ಮಕ್ಕಳಲ್ಲಿ ಅದು ಬೇರೆ ವೇಷಗಳಲ್ಲಿ ಬರುತ್ತದೆ. ಖಿನ್ನತೆಯು ಸೋಮಾರಿತನದಂತೆ ತೋರುತ್ತದೆ. ಆತಂಕವು ದಿನಾಲು ಮುಂಜಾನೆ ಶಾಲೆಯ ಹೊತ್ತಿಗೆ ಹೊಟ್ಟೆನೋವಾಗಿ ಬರುತ್ತದೆ. ಗೀಳಿನ ರೋಗವು ಅತಿಯಾದ ಮಡಿಯಂತೆ ಕಾಣುತ್ತದೆ. ಅತಿಚಂಚಲತೆಯ ಬೇನೆಯುಳ್ಳ ಹುಡುಗನು ಉಡಾಳನೆಂದು ಪೆಟ್ಟು ತಿನ್ನುತ್ತಾನೆ. ಕಣ್ಣಿಗೆ ಕಣ್ಣು ಕೊಡದ, ಹೆಸರು ಹಿಡಿದು ಕರೆದರೆ ತಿರುಗದ ಎರಡು ವರ್ಷದ ಕೂಸಿಗೆ ಆಟಿಸಂ ಇದ್ದೀತೆಂದು ಯಾರಿಗೂ ಹೊಳೆಯುವದಿಲ್ಲ; “ಅವರಪ್ಪನೂ ತಡವಾಗಿಯೇ ಮಾತಾಡಿದ್ದ” ಎಂದು ಅಜ್ಜಿಯು ಸಮಾಧಾನ ಹೇಳುತ್ತಾಳೆ. ವರ್ಗದಲ್ಲಿ ಗದ್ದಲ ಮಾಡುವವನನ್ನು ಮಾಸ್ತರರು ಬೇಗನೆ ಗುರುತಿಸುವರು. ಸದ್ದಿಲ್ಲದೆ ಮಂಕಾಗುತ್ತ ಹೋಗುವ ಹುಡುಗಿಯನ್ನು ಶಾಂತಸ್ವಭಾವದವಳೆಂದು ಹೊಗಳಿ ಬಿಟ್ಟುಬಿಡುವರು. ನಮ್ಮ ಅಧ್ಯಾಪಕವರ್ಗವು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವದು ಅವಶ್ಯವಾಗಿದೆ.

ನಮ್ಮ ಪರಿಚಯದ ಒಂದು ಕೂಲಿಕಾರ ಕುಟುಂಬದ ಸಂಗತಿಯನ್ನು ಹೆಸರು ಊರುಗಳನ್ನು ಬಿಟ್ಟು ಇಲ್ಲಿ ನಿರೂಪಿಸುವೆವು. ಒಂಭತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿ, ಅಕ್ಷರ ಮುತ್ತಿನಂಥವು. ದಸರೆಯ ಸೂಟಿಯ ತರುವಾಯ ಅವಳು ಶಾಲೆಗೆ ಬರಲೊಲ್ಲೆನೆಂದಳು. ಗೋಡೆಯ ಆಚೆಗೆ ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ರಾತ್ರಿಯೆಲ್ಲ ಎಚ್ಚರಿರುತ್ತಿದ್ದಳು. ತಾಯಿಯು ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಹಿರಿಯರೊಬ್ಬರ ಮಾತಿನಂತೆ ಐದು ಅಮವಾಸ್ಯೆ ಒಂದು ದೂರದ ಕ್ಷೇತ್ರಕ್ಕೆ ನಡೆದರು. ಆ ಮೇಲೆ ಒಬ್ಬ ಖಾಸಗಿ ವೈದ್ಯರು ನಿದ್ರೆಯ ಸೂಜಿಮದ್ದು ಕೊಟ್ಟರು. ಎರಡು ದಿವಸ ಮಲಗಿದ ಹುಡುಗಿ ಮೂರನೆಯ ದಿವಸ ಮೊದಲಿನಂತೆಯೇ ಎದ್ದಳು. ಕೊನೆಗೆ ಅವಳನ್ನು ಮನೋವೈದ್ಯರ ಮುಂದೆ ಕೂಡ್ರಿಸುವ ಹೊತ್ತಿಗೆ ಹತ್ತು ತಿಂಗಳು ಕಳೆದಿದ್ದವು, ಆಡೆರಡು ಮಾರಿಹೋಗಿದ್ದವು, ಕೈಗಡ ಬೆಳೆದಿತ್ತು. ಔಷಧ ಆರಂಭವಾಗಿ ಆರೆಂಟು ವಾರಗಳಲ್ಲಿ ಧ್ವನಿಗಳು ಅಡಗಿದವು. ಹುಡುಗಿ ಉಣ್ಣಹತ್ತಿದಳು, ನಕ್ಕಳು. ಗುಣವಾಯಿತೆಂದು ಮನೆಯವರು ನಾಲ್ಕು ತಿಂಗಳಿಗೆ ಗುಳಿಗೆಗಳನ್ನು ನಿಲ್ಲಿಸಿಬಿಟ್ಟರು. ರೋಗವು ಮರುಕಳಿಸಿತು. ಎರಡನೆಯ ಸಲ ಗುಳಿಗೆ ತಪ್ಪಿಸಲಿಲ್ಲ. ಈಗ ಅವಳು ಹೊಲಿಗೆ ಕಲಿತಿದ್ದಾಳೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟಿದ್ದಾಳೆ.

ಈ ವೃತ್ತಾಂತದಲ್ಲಿ ತಾಯಿತಂದೆಗಳ ಅಲಕ್ಷ್ಯವು ಎಲ್ಲಿದೆಯೆಂದು ನಾವು ಹುಡುಕಿ ನೋಡಿದೆವು, ಎಲ್ಲಿಯೂ ಕಾಣಲಿಲ್ಲ. ಅವರು ಒಂದು ದಿನವೂ ಸುಮ್ಮನೆ ಕೂತವರಲ್ಲ. ಅವರಿಗೆ ಯಾರಾದರೊಬ್ಬರು ಮೊದಲನೆಯ ತಿಂಗಳಲ್ಲಿಯೇ ಸರಿಯಾದ ಬಾಗಿಲನ್ನು ತೋರಿಸಿದ್ದರೆ ಒಂಭತ್ತು ತಿಂಗಳ ನರಕವೂ, ಆಡು ಮಾರಿದ ಹಣವೂ, ಹುಡುಗಿಯ ಒಂದು ಶಾಲಾವರ್ಷವೂ ಉಳಿಯುತ್ತಿದ್ದವು. ಇಂದು ಸರಕಾರಿ ಬಸ್ಸಿನಲ್ಲಿ ತಾಯಿಮಗಳಿಬ್ಬರಿಗೂ 2023ರ ಜೂನದಿಂದ ಶಕ್ತಿ ಯೋಜನೆಯ ಮೇರೆಗೆ ಟಿಕೀಟು ಬೇಕಾಗುವದಿಲ್ಲ. ಆದರೆ ತಂದೆಯ ಟಿಕೀಟು, ಇಬ್ಬರ ಆ ದಿನದ ಕೂಲಿ, ಹೊರಗಿನ ಊಟ ಇವು ಪ್ರತಿಯೊಂದು ಭೆಟ್ಟಿಗೂ ತಪ್ಪದ ವೆಚ್ಚಗಳು. ಔಷಧವು ಧರ್ಮಾರ್ಥವಾಗಿ ಸಿಕ್ಕರೂ ದಾರಿಯು ಧರ್ಮಾರ್ಥವಾಗಿ ಸಿಗುವದಿಲ್ಲ.

ನಮ್ಮ ಭಾಗಕ್ಕೆ ದೊಡ್ಡ ಆಶ್ರಯವೆಂದರೆ ಧಾರವಾಡದ್ದು. ಬ್ರಿಟಿಷರ ಆಳಿಕೆಯಲ್ಲಿ, 1845ರಲ್ಲಿ ಅಲ್ಲಿ ಉನ್ಮತ್ತರ ಆಶ್ರಯಸ್ಥಾನವು ಸ್ಥಾಪಿತವಾಯಿತು. ‘ಹುಚ್ಚರ ಆಸ್ಪತ್ರೆ’ ಎಂದು ಜನರು ಅದನ್ನು ಕರೆದರು. ‘ಧಾರವಾಡಕ್ಕೆ ಕಳಿಸಬೇಕು’ ಎಂಬುದು ಉತ್ತರ ಕರ್ನಾಟಕದಲ್ಲೆಲ್ಲ ಬೈಗುಳದ ಮಾತಾಯಿತು. 2009ರಲ್ಲಿ ಅದೇ ಸಂಸ್ಥೆಯು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಎಂಬ ಹೊಸ ಹೆಸರನ್ನೂ ಹೊಸ ರೂಪವನ್ನೂ ತಾಳಿ, ಚಿಕಿತ್ಸೆಯೊಡನೆ ವೈದ್ಯಶಿಕ್ಷಣವನ್ನೂ ಕೊಡುವ ಸ್ಥಾನವಾಯಿತು. ಹೆಸರು ಬದಲಾದರೂ ಬೈಗುಳವು ಜನರ ಬಾಯಿಂದ ಹೋಗಿಲ್ಲ. ಮಗಳನ್ನು ಅಲ್ಲಿಗೆ ಕರೆದೊಯ್ಯುವ ತಾಯಿಯು ನೆರೆಯವರಿಗೆ “ಹುಬ್ಬಳ್ಳಿಗೆ ಜವಳಿಗೆ ಹೋಗತೇವಿ” ಎಂದು ಸುಳ್ಳು ಹೇಳಬೇಕಾಗುವದು ಈ ಬೈಗುಳದ ದೆಸೆಯಿಂದಲೇ.

ರೋಗಿಯು ದೂರದ ಆಸ್ಪತ್ರೆಗೆ ಹೋಗುವದಕ್ಕಿಂತ ಚಿಕಿತ್ಸೆಯೇ ಹಳ್ಳಿಗೆ ಬರಬೇಕೆಂಬ ವಿಚಾರವು ನಮ್ಮ ರಾಜ್ಯದಲ್ಲಿಯೇ ಪರೀಕ್ಷೆಗೆ ಬಂದದ್ದೆಂಬುದು ಅಭಿಮಾನದ ಸಂಗತಿ. ಹಳೆಯ ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾದ ತರುವಾಯ, ಆ ದಶಕದಲ್ಲಿ ನಿಮ್ಹಾನ್ಸಿನ ವೈದ್ಯರು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು, ಮುಖ್ಯವಾದ ಕೆಲವು ಔಷಧಗಳನ್ನು ಅಲ್ಲಿಯೇ ದೊರಕುವಂತೆ ಮಾಡಿದರು. ಹಳ್ಳಿಯ ಸಮೀಪದಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಮಾಡಬಹುದೆಂಬುದು ಇದರಿಂದ ಸಿದ್ಧವಾಯಿತು. 1996ರಲ್ಲಿ ದೇಶದಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ ಅವರು ಈ ಜ್ಞಾನವನ್ನು ತಿಳಿಗನ್ನಡದ ಪುಸ್ತಕಗಳಲ್ಲಿ ಮನೆಮನೆಗೆ ಮುಟ್ಟಿಸಿದವರು. ಊರ ಗ್ರಂಥಾಲಯದಲ್ಲಿ ಅವರ ಪುಸ್ತಕಗಳಿದ್ದರೆ ತಾಯಂದಿರು ಅವಶ್ಯವಾಗಿ ಓದಬೇಕು.

ಇಷ್ಟೆಲ್ಲ ಇದ್ದರೂ ಕೊರತೆಯು ಏಕೆ ತೀರಲಿಲ್ಲವೆಂದರೆ, ಮನೋವೈದ್ಯರ ಸಂಖ್ಯೆಯು ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬರ ಪ್ರಮಾಣವನ್ನೂ ಮುಟ್ಟಿಲ್ಲ. ಅವರಲ್ಲಿ ಮಕ್ಕಳ ಮನಸ್ಸನ್ನೇ ವಿಶೇಷವಾಗಿ ಅಭ್ಯಸಿಸಿದವರು ಇನ್ನೂ ವಿರಳ. ಅವರೂ ಬಹುತರವಾಗಿ ಮಹಾನಗರಗಳಲ್ಲಿ ನೆಲೆಸಿದವರು. ಮಗುವಿನ ಚಿಕಿತ್ಸೆಯಲ್ಲಿ ಗುಳಿಗೆಯದು ಒಂದು ಅಂಶ ಮಾತ್ರ. ಮಾತು ಕಲಿಸುವವರು, ನಡವಳಿಕೆಯನ್ನು ತಿದ್ದುವವರು, ತಾಯಿತಂದೆಗಳಿಗೆ ರೀತಿಯನ್ನು ತೋರಿಸುವವರು, ವಾರ ವಾರವೂ ಬೇಕು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗುವ ಚಿಕಿತ್ಸೆಯಿಂದ ಆಟಿಸಂ ಇರುವ ಕೂಸಿಗೆ ಮಾತು ಬರಿಸುವದು ಕಷ್ಟ. ಸಮೀಕ್ಷೆಯ ಪ್ರಕಾರ ಬಹುತೇಕ ಮನೋವ್ಯಾಧಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಚಿಕಿತ್ಸೆಯಿಲ್ಲದೆಯೇ ಇದ್ದಾರೆ.

ಈಗ ಕಾಯಿದೆಯ ಮಾತು. 1912ರ ಉನ್ಮತ್ತರ ಕಾಯಿದೆಯು ಹೋಗಿ 1987ರದು ಬಂತು; ಅದೂ ಹೋಗಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಇದರ 18ನೆಯ ಕಲಮಿನ ಪ್ರಕಾರ ಸರಕಾರದಿಂದ ನಡೆಯುವ ಮನೋಚಿಕಿತ್ಸೆಯು ಪ್ರತಿಯೊಬ್ಬರ ಹಕ್ಕು. ಬಡತನದ ರೇಖೆಯ ಕೆಳಗಿರುವವರಿಗೆ ಅದು ಸಂಪೂರ್ಣ ಧರ್ಮಾರ್ಥ. ಮಕ್ಕಳಿಗೆ ಪ್ರತ್ಯೇಕ ಸೇವೆ ಇರಬೇಕೆಂದೂ ಅದೇ ಕಲಮು ಹೇಳುತ್ತದೆ. ಅಪ್ರಾಪ್ತವಯಸ್ಕ ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕಾದರೆ ವಯಸ್ಕ ರೋಗಿಗಳಿಂದ ಬೇರೆಯಾಗಿ ಇಡಬೇಕು. ಪಾಲಕರಾಗಲಿ ಅವರು ನೇಮಿಸಿದವರಾಗಲಿ ಮಗುವಿನ ಜೊತೆಗೇ ಇರಬೇಕು. ಹೆಣ್ಣು ಮಗುವಿನ ಜೊತೆಗೆ ಹೆಂಗಸೇ ಇರಬೇಕು. “ಮಗುವನ್ನು ಬಿಟ್ಟು ಹೋಗಿರಿ” ಎಂದು ಯಾರಾದರೂ ಅಂದರೆ ತಾಯಿಯು ಈ ಮಾತನ್ನು ಧೈರ್ಯದಿಂದ ಹೇಳಬಹುದು. ಮನೋರೋಗಿಯನ್ನು ಯಾವ ರೀತಿಯಿಂದಲೂ ಸಂಕಲೆಯಲ್ಲಿ ಕಟ್ಟಕೂಡದೆಂದು 95ನೆಯ ಕಲಮು ನಿಷೇಧಿಸಿದೆ. ಈ ನಿಷೇಧದ ಹಿಂದೆ ಒಂದು ಘೋರ ಸ್ಮರಣೆಯುಂಟು: 2001ರ ಆಗಸ್ಟ 6ರಂದು ತಮಿಳುನಾಡಿನ ಏರವಾಡಿಯ ಒಂದು ಆಶ್ರಯಗೃಹಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ, ಇಪ್ಪತ್ತೈದಕ್ಕೆ ಮಿಕ್ಕಿ ಜನ ಸುಟ್ಟು ಸತ್ತರು. ದೇವರಿಗೆ ಹರಕೆ ಹೊರಬೇಡಿರೆಂದು ನಾವು ಎಂದೂ ಹೇಳೆವು. ಹರಕೆಯಿಂದ ತಾಯಿಯ ಮನಸ್ಸಿಗೆ ಬಲ ಬರುವದಾದರೆ ಬರಲಿ. ಹರಕೆಯ ಕಾರಣದಿಂದ ಔಷಧವು ಒಂದು ವಾರವೂ ತಡವಾಗಬಾರದು. ಮಗುವಿನ ಮೈಮೇಲೆ ಬೆತ್ತವಾಗಲಿ ಹಗ್ಗವಾಗಲಿ ಬೀಳಬಾರದು. ಇಷ್ಟೇ ನಮ್ಮ ಪ್ರಾರ್ಥನೆ.

ಪ್ರಮಾಣಪತ್ರದ ತೊಡಕು ಬೇರೆಯೇ ಒಂದು ಪುರಾಣ. ಮಾತು ಬಾರದ ಎಂಟು ವರ್ಷದ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಕಚೇರಿಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದ ತಾಯಿಯೊಬ್ಬಳನ್ನು ನಾವು ಬಲ್ಲೆವು. ಮೊದಲ ಸಲ ಡಾಕ್ಟರರು ರಜೆ; ಎರಡನೆಯ ಸಲ ಕಾಗದದಲ್ಲಿ ಹೆಸರಿನ ಒಂದಕ್ಷರ ಹೆಚ್ಚು ಕಡಿಮೆ; ಮೂರನೆಯ ಸಲ ಗಣಕಯಂತ್ರ ಕೆಟ್ಟಿತ್ತು. ನಾಲ್ಕನೆಯ ಸಲಕ್ಕೆ ಆಕೆ ಹೋಗಲೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ವಿಧದ ವೈಕಲ್ಯಗಳನ್ನು ಎಣಿಸಿದ್ದಾರೆ. ಮನೋರೋಗ, ಆಟಿಸಂ, ಬುದ್ಧಿಮಾಂದ್ಯ, ಕಲಿಕೆಯ ವಿಶಿಷ್ಟ ನ್ಯೂನತೆ ಇವೆಲ್ಲವೂ ಅದರೊಳಗೆ ಸೇರಿವೆ. ನೂರಕ್ಕೆ ನಾಲ್ವತ್ತು ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿದೆಯೆಂದು ಪ್ರಮಾಣವಾದರೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣವು ಮಗುವಿನ ಹಕ್ಕು. ಇಲ್ಲಿ ಒಂದು ವಿವೇಕ ಬೇಕು. ಬುದ್ಧಿಮಾಂದ್ಯವು ರೋಗವಲ್ಲ, ಬುದ್ಧಿಯ ಬೆಳವಣಿಗೆಯ ಕೊರತೆ. ಮನೋರೋಗವು ಬುದ್ಧಿವಂತ ಮಗುವಿಗೂ ಬರುತ್ತದೆ, ಚಿಕಿತ್ಸೆಯಿಂದ ಇಳಿಯುತ್ತದೆ. ಇವೆರಡನ್ನೂ ಒಂದೇ ಎಂದು ಬರೆಸಿಕೊಂಡರೆ ಮುಂದೆ ಸೌಲಭ್ಯಗಳೂ ತಪ್ಪುತ್ತವೆ, ಚಿಕಿತ್ಸೆಯೂ ತಪ್ಪುತ್ತದೆ. ಉದಾಹರಣೆಗೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಕೆಳಗಿನ ‘ನಿರಾಮಯ’ ಎಂಬ ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯವಿಮೆಯು ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಬಹುವೈಕಲ್ಯ ಈ ನಾಲ್ಕಕ್ಕೆ ಮಾತ್ರ ಸಲ್ಲುತ್ತದೆ.

ಹಾಗಾದರೆ ಹಳ್ಳಿಯ ಗೃಹಸ್ಥನು ಯಾವ ಬಾಗಿಲಿನಿಂದ ಆರಂಭಿಸಬೇಕು? ಅನುಕ್ರಮವಾಗಿ ಹೇಳುವೆವು. ಮೊದಲನೆಯದು, ಮನೆಯಿಂದಲೇ ದೂರವಾಣಿಯಲ್ಲಿ 14416 ಎಂಬ ಸಂಖ್ಯೆ. ‘ಟೆಲಿ ಮಾನಸ್’ ಎಂಬ ಈ ಸೇವೆಯು 2022ರ ಅಕ್ಟೋಬರ 10ರಂದು ಆರಂಭವಾಯಿತು, ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡಬಹುದು, ಹಣ ಬೇಡ. ಎರಡನೆಯದು, ಊರ ಆಶಾ ಕಾರ್ಯಕರ್ತೆಯನ್ನು ಕಾಣುವದು. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವಂತೆ ರಾಜ್ಯ ಸರಕಾರವು ‘ಮನೋಚೈತನ್ಯ’ವೆಂಬ ಹೆಸರಿನಿಂದ ಮಂಗಳವಾರದ ಚಿಕಿತ್ಸಾದಿನಗಳನ್ನು ಏರ್ಪಡಿಸಿತು; ನಿಮ್ಮ ತಾಲೂಕಿಗೆ ವೈದ್ಯರು ಯಾವ ದಿನ ಬರುವರೆಂದು ಹೊರಡುವ ಮುಂಚೆಯೇ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುವದು. ಮೂರನೆಯದು, ಸಣ್ಣ ಮಕ್ಕಳ ವಿಷಯದಲ್ಲಿ ಅಂಗನವಾಡಿಗೂ ಶಾಲೆಗೂ ತಪಾಸಣೆಗೆ ಬರುವ ವೈದ್ಯರ ತಂಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ಈ ತಂಡದವರಿಗೆ ಬೆಳವಣಿಗೆಯ ವಿಳಂಬವನ್ನು ಗುರುತಿಸುವದೂ ಒಂದು ಕರ್ತವ್ಯ. ನಾಲ್ಕನೆಯದು, ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅದಕ್ಕೂ ಮೀರಿದ್ದಾದರೆ ಧಾರವಾಡ. ಗ್ರಾಮ ಪಂಚಾಯತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತನು ಪ್ರಮಾಣಪತ್ರದ ಕಾಗದಗಳನ್ನು ಸಿದ್ಧಪಡಿಸಲು ನೆರವಾಗತಕ್ಕವನು; ಅವನನ್ನು ಕೇಳಲು ಸಂಕೋಚಪಡಬಾರದು. ಶಾಲೆಗೆ ಬರಲಾರದ ತೀವ್ರ ವೈಕಲ್ಯದ ಮಗುವಿಗೆ ಮನೆಗೇ ಬಂದು ಪಾಠ ಹೇಳುವ ಏರ್ಪಾಡು ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ಮುಖ್ಯಾಧ್ಯಾಪಕರಿಗೆ ಲಿಖಿತ ಅರ್ಜಿಯನ್ನು ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಿರಿ.

ಇದರೊಡನೆ ಮನೆಯಲ್ಲಿ ಪಾಲಿಸತಕ್ಕ ನಾಲ್ಕು ನಿಯಮಗಳು. ಒಂದು ನಲವತ್ತು ಪುಟದ ನೋಟುಬುಕ್ಕಿನಲ್ಲಿ ಮಗುವಿನ ನಿದ್ರೆ, ಊಟ, ಸಿಟ್ಟು, ಕೊಟ್ಟ ಗುಳಿಗೆ ಇವುಗಳನ್ನು ದಿನಾಂಕ ಹಾಕಿ ಬರೆದಿಡುವದು. ವೈದ್ಯರ ಎದುರು ಹತ್ತು ನಿಮಿಷದಲ್ಲಿ ನೆನಪಾಗದ್ದನ್ನೆಲ್ಲ ಅದು ಹೇಳುತ್ತದೆ. ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸಬಾರದು. “ಸಾಯುತ್ತೇನೆ” ಎಂದು ಮಗು ಅಂದರೆ ಅದನ್ನು ಬೆದರಿಕೆಯೆಂದು ತಿಳಿಯದೆ ಹತ್ತಿರ ಕೂತು ಕೇಳಿ, ಅಂದೇ ವೈದ್ಯರಿಗೆ ತಿಳಿಸಬೇಕು. ಒಕ್ಕಲುಮಕ್ಕಳ ಮನೆಗಳಲ್ಲಿ ಬೆಳೆಗೆ ಹೊಡೆಯುವ ವಿಷದೌಷಧವು ಕೈಗೆ ಸಿಗುವಂತೆ ಪಡಸಾಲೆಯಲ್ಲಿಯೇ ಇರುತ್ತದೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುವದು ಅನೇಕ ಮನೆಗಳ ದೀಪವನ್ನು ಉಳಿಸೀತು.

ಕೊನೆಗೆ, ಆರೈಕೆ ಮಾಡುವವರ ಆರೈಕೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ ಎಂಬವರು ರೋಗಿಗಳ ಮನೆಯವರನ್ನು ಆವರಣದಲ್ಲಿಯೇ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆಯಲ್ಲಿ ಭಾಗಿಗಳನ್ನಾಗಿ ಮಾಡಿದರು. ರೋಗಿಗಳು ಬೇಗನೆ ಚೇತರಿಸಿಕೊಂಡರು; ಮನೆಯವರೂ ಒಬ್ಬರ ದುಃಖವನ್ನೊಬ್ಬರು ಕೇಳಿ ಹಗುರಾದರು. ಡೇರೆಗಳನ್ನು ಹೂಡುವ ಶಕ್ತಿ ನಮ್ಮ ಊರುಗಳಿಗಿಲ್ಲ. ಆದರೆ ಇಂಥ ಮಗುವಿರುವ ನಾಲ್ಕೈದು ಮನೆಯವರು ತಿಂಗಳಿಗೊಮ್ಮೆ ಗುಡಿಯ ಕಟ್ಟೆಯ ಮೇಲಾಗಲಿ ಶಾಲೆಯ ಪಡಸಾಲೆಯಲ್ಲಾಗಲಿ ಕೂಡಬಹುದು. ಧಾರವಾಡಕ್ಕೆ ಹೋಗುವ ದಿನವನ್ನು ಒಂದೇ ಆಗಿ ಗೊತ್ತುಮಾಡಿಕೊಂಡು ಒಂದೇ ಗಾಡಿಯಲ್ಲಿ ಹೋಗಬಹುದು. ಒಬ್ಬರೇ ಅರ್ಜಿ ಹಿಡಿದು ಹೋದರೆ ತೆರೆಯದ ಕಚೇರಿಯ ಕಿಟಕಿಯು ಐವರು ಕೂಡಿ ಹೋದಾಗ ತೆರೆಯುವದನ್ನು ನಾವು ಕಂಡಿದ್ದೇವೆ. ನೆರೆಯವರಾದವರು ಮಾಡಬೇಕಾದದ್ದು ಇನ್ನೂ ಸುಲಭ. ಆ ತಾಯಿಯು ಒಂದು ತಾಸು ನಿದ್ರೆ ಮಾಡುವಷ್ಟು ಹೊತ್ತು ಮಗುವಿನ ಹತ್ತಿರ ಕೂಡ್ರುವದು; ಲಗ್ನ ಮುಂಜಿಗಳಿಗೆ ಆ ಮಗುವನ್ನೂ ಹೆಸರು ಹಿಡಿದು ಕರೆಯುವದು; ‘ಹುಚ್ಚ’ ಎಂಬ ಶಬ್ದವನ್ನು ತಮ್ಮ ಮಕ್ಕಳ ಬಾಯಿಂದ ಬಿಡಿಸುವದು.

ಸರಕಾರವು ಮಕ್ಕಳ ಮನೋವೈದ್ಯರನ್ನು ಜಿಲ್ಲೆಗೊಬ್ಬರಂತಾದರೂ ಒದಗಿಸಬೇಕೆಂದು ಗ್ರಾಮಸಭೆಗಳಲ್ಲಿ ಠರಾವು ಮಾಡಿ ಕಳಿಸುವದೂ ಗೃಹಸ್ಥರ ಧರ್ಮವೇ. ಬರುವ ಗ್ರಾಮಸಭೆಯಲ್ಲಿ ರಸ್ತೆ, ನೀರು, ದೀಪಗಳ ಸಾಲಿನಲ್ಲಿ ಈ ಒಂದು ವಿಷಯವನ್ನೂ ಬರೆಸಿರೆಂದು ವಾಚಕರನ್ನು ಪ್ರಾರ್ಥಿಸಿ ವಿರಮಿಸುತ್ತೇವೆ.